ಹತ್ತುಮೀನಿನ ಹೊಳೆ

ಎಲ್ಲರಿಗೂ ನಮಸ್ಕಾರ. ನಾನು ಸಾಗರದ ಕಡೆಯವಳು, ಶರಾವತಿ ಹಿನ್ನೀರಿನ ದಂಡೆ ಮೇಲೆ ಬೆಳೆದವಳು. ಈಗ ಒಂಬತ್ತು ವರ್ಷದಿಂದ ಐರ್ಲೆಂಡಲ್ಲಿದೀನಿ, ಲಿಮರಿಕ್ ಸಿಟೀಲಿ ನರ್ಸ್ ಕೆಲಸ, ಮನೆ ಮಾತ್ರ ಸಿಟಿಯಿಂದ ಹತ್ತು ಹನ್ನೆರಡು ಕಿಲೋಮೀಟರ್ ಮೇಲಕ್ಕೆ, ಶ್ಯಾನನ್ ಹೊಳೆ ದಂಡೆ ಮೇಲಿರೋ ಕ್ಯಾಸಲ್‌ಕಾನಲ್ ಅನ್ನೋ ಹಳ್ಳೀಲಿ. ಇವತ್ತು ಆ ಹೊಳೆ ಬಗ್ಗೆ, ಅಲ್ಲಿಯ ಮೀನಿನ ಬಗ್ಗೆ ಮಾತಾಡ್ಬೇಕು ಅಂತ ಬಂದಿದೀನಿ.

ನೈಟ್ ಡ್ಯೂಟಿ ಮುಗಿಸಿ ಮನೆಗೆ ಬಂದ್ರೆ ತಕ್ಷಣ ನಿದ್ದೆ ಬರಲ್ಲ, ಅದಕ್ಕೆ ಫ್ಲಾಸ್ಕಲ್ಲಿ ಟೀ ಹಾಕ್ಕೊಂಡು ಹೊಳೆ ಕಡೆ ಹೋಗಿ ಕೂರ್ತೀನಿ. ಆಚೆ ದಡ ಕ್ಲೇರ್ ಜಿಲ್ಲೆ, ಅಲ್ಲಿಗೆ ದಾಟೋಕೆ ನಡೆಯೋರಿಗೆ ಮಾತ್ರ ಅಂತ ಒಂದು ಸಣ್ಣ ಸೇತುವೆ ಇದೆ. ಅಲ್ಲಿ ಕಾಣೋ ಮಿಂಚುಳ್ಳಿ ಇದೆಯಲ್ಲ, ಅದು ನಮ್ಮೂರ ಹಳ್ಳದ ಮೇಲೆ ಹಾರೋ ಪುಟ್ಟ ನೀಲಿ ಮಿಂಚುಳ್ಳೀನೇ, ಅದೇ ಜಾತಿ, ಬೂದು ಬಕಾನೂ ಅಷ್ಟೇ. ಮೊದಲ ಸಲ ನೋಡ್ದಾಗ ನೆಂಟರು ಸಿಕ್ಕಷ್ಟು ಖುಷಿ ಆಗಿತ್ತು.

ಹೋದ ಅಕ್ಟೋಬರಲ್ಲಿ ಒಂದು ಬೆಳಗ್ಗೆ ನೀರುನಾಯಿ ನೋಡಿದೆ. ಇಪ್ಪತ್ತು ಅಡಿ ದೂರದಲ್ಲಿ ಪಾಚಿ ಕಟ್ಟಿದ ಒಂದು ಬಂಡೆ, ಅದರ ಮೇಲೆ ಹತ್ತಿ ಕೂತು ಮೈ ಒದರ್ತು, ಎರಡು ಮುಂಗಾಲಲ್ಲಿ ಒಂದು ಹಾವುಮೀನು ಹಿಡ್ಕೊಂಡಿತ್ತು, ನಾವು ಮೆಕ್ಕೆಜೋಳ ಹಿಡ್ಕೊಂಡು ತಿಂತೀವಲ್ಲ ಹಾಗೇ, ತಲೆ ಕಡೆಯಿಂದ ಕರಕರ ಅಂತ ಅಗೀತಾ ಇತ್ತು. ಆ ಶಬ್ದ ನನಗೆ ಕೇಳಿಸ್ತಿತ್ತು. ಹಾವುಮೀನಿನ ಬಾಲ ಇನ್ನೂ ಅದರ ಕುತ್ತಿಗೆಗೆ ಸುತ್ತಿಕೊಳ್ತಾನೇ ಇತ್ತು. ನಾನು ಟೀ ಕುಡಿಯೋದನ್ನೇ ಮರೆತುಬಿಟ್ಟೆ.

ಪಕ್ಕದ ಮನೇಲಿ ಒಬ್ಬರು ಅಜ್ಜ ಇದಾರೆ, ಎಂಬತ್ತು ದಾಟಿದೆ. ಇಲ್ಲಿ ಎಲ್ಲರೂ ಹೆಸರು ಹಿಡಿದೇ ಕರೆಯೋದು, ನನಗೆ ಬಾಯಿ ಬರ್ಲಿಲ್ಲ, ಅಜ್ಜ ಅಂದ್ರೆ ಏನು ಅಂತ ಹೇಳಿಕೊಟ್ಟು ಅಜ್ಜ ಅಂತಾನೇ ಕರೀತೀನಿ, ಅವರಿಗೂ ಅದು ಇಷ್ಟ. ಅವರ ಅಪ್ಪ ಈ ಹೊಳೇಲಿ ಗಿಲ್ಲಿ ಆಗಿದ್ರಂತೆ. ಗಿಲ್ಲಿ ಅಂದ್ರೆ ಹೊರಗಿಂದ ಗಾಳ ಹಾಕೋಕೆ ಬರೋ ಸಾಹುಕಾರರನ್ನ ದೋಣೀಲಿ ಕರ್ಕೊಂಡು ಹೋಗಿ ಮೀನು ಎಲ್ಲಿ ನಿಂತಿರುತ್ತೆ ಅಂತ ತೋರಿಸೋನು. ಒಂದು ಕಾಲದಲ್ಲಿ ಸಾಲ್ಮನ್ ಅನ್ನೋ ಮೀನು ಹಿಡಿಯೋಕೆ ಎಲ್ಲೆಲ್ಲಿಂದಲೋ ಜನ ಈ ಊರಿಗೆ ಬರ್ತಿದ್ರು, ಇಲ್ಲಿಯ ಎನ್‌ರೈಟ್ ಮನೆತನದವರು ಮಾಡ್ತಿದ್ದ ಗಾಳದ ಕೋಲಿಗೆ ಹೊರದೇಶದಲ್ಲೂ ಹೆಸರಿತ್ತು.

ಅಂಥ ಒಂದು ಕೋಲು ಅಜ್ಜನ ಹತ್ರ ಇದೆ. ಗ್ರೀನ್‌ಹಾರ್ಟ್ ಅಂತ ದಕ್ಷಿಣ ಅಮೆರಿಕದ ಮರ, ಕೈಗೆ ತಗೊಂಡ್ರೆ ಕಬ್ಬಿಣದ ಥರ ಭಾರ, ಆದ್ರೆ ಬಾಗುತ್ತೆ. ತುಂಡು ತುಂಡು ಸೇರಿಸೋ ಕಡೆ ಲೋಹದ ಕೊಳವೆ ಇಲ್ಲ, ಎರಡು ತುದೀನೂ ಓರೆಯಾಗಿ ಸೀಳಿ ಒಂದರ ಮೇಲೊಂದು ಕೂರಿಸಿ ಮೇಣ ಹಚ್ಚಿದ ದಾರದಲ್ಲಿ ಬಿಗಿಯಾಗಿ ಸುತ್ತೋದು. ಅಜ್ಜ ಸುತ್ತುವಾಗ ದಾರದ ಒಂದು ತುದಿ ಹಲ್ಲಲ್ಲಿ ಕಚ್ಚಿರ್ತಾರೆ, ಬೆರಳು ನಡುಗ್ತಿರುತ್ತೆ, ಆದ್ರೂ ಒಂದು ಸುತ್ತಿಗೂ ಇನ್ನೊಂದು ಸುತ್ತಿಗೂ ಮಧ್ಯೆ ಕೂದಲು ತೂರುವಷ್ಟೂ ಜಾಗ ಇರಲ್ಲ.

ಈಗ ವಿಷಯಕ್ಕೆ ಬರ್ತೀನಿ. ಶ್ಯಾನನ್ ಐರ್ಲೆಂಡಿನ ಅತಿ ಉದ್ದದ ಹೊಳೆ, ಸುಮಾರು 360 ಕಿಲೋಮೀಟರ್. 1925ರಿಂದ 1929ರ ಒಳಗೆ ಆಗಷ್ಟೇ ಸ್ವಾತಂತ್ರ್ಯ ಬಂದಿದ್ದ ಬಡ ದೇಶ ಇದರ ಮೇಲೆ ಆರ್ಡ್‌ನಕ್ರೂಶ ಅನ್ನೋ ವಿದ್ಯುತ್ ಸ್ಥಾವರ ಕಟ್ಟಿತು, ಕಟ್ಟಿಕೊಟ್ಟಿದ್ದು ಜರ್ಮನಿಯ ಸೀಮೆನ್ಸ್ ಕಂಪನಿ. ನಮ್ಮ ಹಳ್ಳಿಗಿಂತ ಮೇಲೆ ಪಾರ್ಟೀನ್ ಅನ್ನೋ ಕಡೆ ಒಡ್ಡು ಹಾಕಿ, 12 ಕಿಲೋಮೀಟರಿಗೂ ಉದ್ದದ ಕಾಲುವೆ ತೋಡಿ, ನೀರನ್ನ ಆ ಕಾಲುವೆಗೆ ತಿರುಗಿಸಿದ್ರು. 1930ರ ದಶಕದಲ್ಲಿ ದೇಶದ ಬಹುಪಾಲು ಕರೆಂಟ್ ಇಲ್ಲಿಂದಲೇ ಹೋಗ್ತಿತ್ತು. ಅದು ಸಣ್ಣ ಸಾಧನೆ ಅಲ್ಲ, ಅಜ್ಜಾನೂ ಅದನ್ನ ಹೆಮ್ಮೆಯಿಂದಲೇ ಹೇಳ್ತಾರೆ.

ಆದ್ರೆ ಹಳೇ ಹೊಳೆಗೆ ಉಳಿದಿದ್ದೆಷ್ಟು ಕೇಳಿ. ಸೆಕೆಂಡಿಗೆ 10 ಘನ ಮೀಟರ್, ನಮ್ಮ ಲೆಕ್ಕದಲ್ಲಿ ಸುಮಾರು 350 ಕ್ಯೂಸೆಕ್. ಕಾಲುವೇಲಿ ಟರ್ಬೈನಿಗೆ ಹೋಗೋದು 14,000 ಕ್ಯೂಸೆಕ್ ತನಕ. ಇವೆರಡಕ್ಕೂ ಕೊಟ್ಟು ನೀರು ಉಳಿದ್ರೆ ಮಾತ್ರ ಹಳೇ ಹೊಳೆಗೆ ಜಾಸ್ತಿ ನೀರು. ನಮ್ಮ ಹಳ್ಳಿ ಮುಂದೆ ಡೂನಾಸ್ ಅಂತ ಒಂದು ಅಬ್ಬಿ ಇದೆ, ಒಂದು ಕಾಲದಲ್ಲಿ ಅದನ್ನ ನೋಡೋಕೇ ಜನ ಬರ್ತಿದ್ರು, ಈಗ ಬೇಸಿಗೇಲಿ ಬಂಡೆ ಜಾಸ್ತಿ ಕಾಣುತ್ತೆ, ನೀರು ಕಮ್ಮಿ.

ನಮ್ಮಲ್ಲಿ ಮುಂಗಾರಿನ ಮೊದಲ ದೊಡ್ಡ ಮಳೆಗೆ ಹತ್ತುಮೀನು ಬರುತ್ತಲ್ಲ, ಮಲೆನಾಡಿನವರಿಗೆ ಗೊತ್ತಿರುತ್ತೆ, ಹೊಸ ನೀರಿಗೆ ಎದುರಾಗಿ ಹಳ್ಳದಿಂದ ಗದ್ದೆಗೆ ಮೀನು ಹತ್ತುತ್ತೆ, ರಾತ್ರಿ ಟಾರ್ಚ್ ಹಿಡ್ಕೊಂಡು ಕೂಣಿ, ಅಂದ್ರೆ ಮೀನು ಹಿಡಿಯೋ ಬುಟ್ಟಿ, ಇಟ್ಟು ಕಾಯೋದು. ಸಾಲ್ಮನ್ ಕೂಡ ಹತ್ತುಮೀನೇ. ಹೊಳೆಯ ಜಲ್ಲಿಕಲ್ಲಿನ ಮಧ್ಯೆ ಮೊಟ್ಟೆಯೊಡೆದು, ಒಂದೆರಡು ವರ್ಷ ಅಲ್ಲೇ ಬೆಳೆದು, ಸಮುದ್ರಕ್ಕಿಳಿದು ಗ್ರೀನ್‌ಲ್ಯಾಂಡ್ ಕಡೆಗೆಲ್ಲ ಹೋಗಿ ಮೈತುಂಬಿಕೊಂಡು, ಹುಟ್ಟಿದ ಹೊಳೆಯ ವಾಸನೆ ಹಿಡ್ಕೊಂಡು ವಾಪಸ್ ಬರುತ್ತೆ. ಹೊಳೆಗೆ ಬಂದ ಮೇಲೆ ಊಟ ಬಿಟ್ಟುಬಿಡುತ್ತೆ, ಹತ್ತೋದೊಂದೇ ಕೆಲಸ. ಹತ್ತೋ ಮೀನು ಜೋರಾಗಿ ಬರೋ ನೀರಿಗೇ ಮುಖ ಕೊಡೋದು. ಕೆಳಗೆ ಕಾಲುವೆ ನೀರೂ ಹಳೇ ಹೊಳೇನೂ ಮತ್ತೆ ಸೇರೋ ಕಡೆ ಒಂದು ಬದಿ ಕಾಲುವೆಯ ಅಷ್ಟೊಂದು ನೀರು, ಇನ್ನೊಂದು ಬದಿ ನಮ್ಮ ಹೊಳೆಯ 350 ಕ್ಯೂಸೆಕ್, ಮೀನು ಯಾವ ಕಡೆ ತಿರುಗುತ್ತೆ ಹೇಳಿ. ಟರ್ಬೈನಿನ ಕಡೆಗೇ ಹೋಗುತ್ತೆ. 1959ರಲ್ಲಿ ಅಲ್ಲಿ ಮೀನಿಗೆ ಅಂತಾನೇ ಒಂದು ಲಿಫ್ಟ್ ಮಾಡಿದಾರೆ, ಕೆಲವು ಹತ್ತುತ್ತೆ, ಆದ್ರೆ ಹಳೇ ಕಾಲದ ಲೆಕ್ಕ ಮತ್ತೆ ಬರ್ಲೇ ಇಲ್ಲ. ಎಲ್ಲ ತಪ್ಪೂ ಅಣೆಕಟ್ಟಿನದೇ ಅನ್ನೋದು ಸರಿಯಲ್ಲ, ಸಮುದ್ರದಲ್ಲೂ ಸಾಲ್ಮನ್ ಕಮ್ಮಿಯಾಗ್ತಾ ಬಂದಿದೆ, ಅದಕ್ಕೇ 2007ರಿಂದ ಸಮುದ್ರದಲ್ಲಿ ತೇಲುಬಲೆ ಹಾಕೋದನ್ನ ಐರ್ಲೆಂಡ್ ನಿಲ್ಲಿಸ್ತು.

ಹಾವುಮೀನಿನ ಕಥೆ ಉಲ್ಟಾ. ಅದು ಹೊಳೇಲಿ ಬೆಳೆದು ಮೊಟ್ಟೆಯಿಡೋಕೆ ಅಟ್ಲಾಂಟಿಕ್ ದಾಟಿ ಸರ್ಗಾಸೋ ಸಮುದ್ರಕ್ಕೆ ಹೋಗ್ಬೇಕು, ದಾರೀಲಿ ಟರ್ಬೈನಿಗೆ ಸಿಕ್ಕಿದ್ರೆ ಮುಗೀತು. 2009ರಲ್ಲಿ ಹಾವುಮೀನು ಹಿಡಿಯೋದನ್ನೇ ದೇಶದಲ್ಲಿ ಬಂದ್ ಮಾಡಿದ್ರು. ಈಗ ಅಣೆಕಟ್ಟಿಗಿಂತ ಮೇಲಿನ ಹೊಳೇಲಿ ಬಲೆ ಹಾಕಿ ಹಿಡಿದು, ಟ್ಯಾಂಕಲ್ಲಿ ತುಂಬ್ಕೊಂಡು ರೋಡಲ್ಲೇ ತಂದು ಅಣೆಕಟ್ಟಿನ ಕೆಳಗೆ ಬಿಡ್ತಾರೆ. ಹೊಳೇಲಿ ಹೋಗ್ಬೇಕಾದ ಮೀನು ಲಾರೀಲಿ ಹೋಗೋ ಕಾಲ. ಆದ್ರೂ ಆ ಕೆಲಸ ಮಾಡೋರ ಬಗ್ಗೆ ನನಗೆ ಗೌರವ ಇದೆ, ಚಳೀಲಿ ರಾತ್ರಿಯೆಲ್ಲ ಬಲೆ ಕಾಯೋದು ಸುಲಭ ಅಲ್ಲ.

ಇದನ್ನೆಲ್ಲ ನೋಡ್ವಾಗ ನಮ್ಮಜ್ಜಿ ನೆನಪಾಗ್ತಾರೆ. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಅವರ ತೋಟ, ಮನೆ ಎಲ್ಲ ನೀರಿಗೆ ಹೋಯ್ತು. ಬೇಸಿಗೇಲಿ ಹಿನ್ನೀರು ಇಳಿದಾಗ ಮರದ ಬೊಡ್ಡೆಗಳು ಕಾಣ್ತಿದ್ವು, ಅಜ್ಜಿ ಕೈ ತೋರಿಸಿ, ಅಲ್ಲಿ ನಮ್ಮ ಬಾವಿ ಇತ್ತು ಅಂತಿದ್ರು. ಕ್ಯಾಸಲ್‌ಕಾನಲ್ ಅಜ್ಜನಿಗೆ ಇದನ್ನ ಹೇಳಿದೆ. ಅವರು ಸುಮಾರು ಹೊತ್ತು ಸುಮ್ನಿದ್ದು, ನಿಮಗೆ ನೀರು ಜಾಸ್ತಿ ಕೊಟ್ರು, ನಮ್ಮದು ತಗೊಂಡ್ರು ಅಂದ್ರು.

ಇವತ್ತು ಈ ದೇಶಕ್ಕೆ ಬೇಕಾದ ಕರೆಂಟಲ್ಲಿ ಆರ್ಡ್‌ನಕ್ರೂಶದ ಪಾಲು ಬಹಳ ಚಿಕ್ಕದು. ಆದ್ರೆ ಹೊಳೆ ಪಾಲು ಮಾತ್ರ ಅದೇ 350. ಇನ್ನೊಂದಿಷ್ಟು ಬಿಡ್ಬಹುದಲ್ಲ, ಕೊನೇ ಪಕ್ಷ ಮೀನು ಹತ್ತೋ ತಿಂಗಳುಗಳಲ್ಲಾದ್ರೂ, ಇದನ್ನ ನಾನು ಸಿಕ್ಕವರ ಹತ್ರ ಎಲ್ಲ ಕೇಳ್ತೀನಿ.

ಅಜ್ಜ ಈಗಲೂ ಜೂನಲ್ಲಿ ಕೋಲು ಹಿಡ್ಕೊಂಡು ಇಳೀತಾರೆ, ರಾತ್ರಿ ಹತ್ತರ ತನಕ ಬೆಳಕಿರುತ್ತೆ. ಗಾಳದ ಮುಳ್ಳನ್ನ ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿರ್ತಾರೆ, ಬಿಡಿಸುವಾಗ ಮೀನಿನ ಬಾಯಿ ಹರೀಬಾರದು ಅಂತ. ಹೋದ ವರ್ಷ ಒಂದು ಸಿಕ್ತು. ನೀರಲ್ಲೇ ಮಂಡಿಯೂರಿ, ಎರಡೂ ಕೈಯಲ್ಲಿ ಅದರ ತಲೇನ ಹರಿವಿನ ಕಡೆ ತಿರುಗಿಸಿ ಹಿಡ್ಕೊಂಡ್ರು, ಅದು ಕಿವಿರು ಆಡಿಸಿ ಉಸಿರು ತಗೊಂಡು, ಬಾಲ ಒಂದು ಸಲ ಬೀಸಿ ಹೋಯ್ತು. ನಾನು ದಡದಲ್ಲಿ ಅವರ ಊರುಗೋಲು ಹಿಡ್ಕೊಂಡು ನಿಂತಿದ್ದೆ.

ಮಳೆ ಜಾಸ್ತಿಯಾದ ಚಳಿಗಾಲದಲ್ಲಿ ಕಾಲುವೆ ಹಿಡಿಯದಷ್ಟು ನೀರು ಬಂದ್ರೆ ಪಾರ್ಟೀನ್ ಗೇಟ್ ತೆಗೀತಾರೆ. 2009ರಲ್ಲಿ, ಆಮೇಲೆ 2015ರ ಡಿಸೆಂಬರಲ್ಲಿ ಈ ಕಡೆ ಮನೆಗಳಿಗೇ ನೀರು ನುಗ್ಗಿತ್ತು, ಹಾಗಾಗಿ ಗೇಟ್ ತೆಗೆದ್ರು ಅಂದ್ರೆ ಊರಲ್ಲಿ ಎಲ್ಲರಿಗೂ ಎದೆ ಢವಢವ, ಬಾಗಿಲಿಗೆ ಮರಳಿನ ಚೀಲ ಒಟ್ಟೋದು, ಕಾರು ಎತ್ತರದ ಕಡೆ ನಿಲ್ಲಿಸೋದು. ಹೋದ ಸಲ ಅಜ್ಜನ ಮನೆಗೆ ಚೀಲ ಒಟ್ಟೋಕೆ ನಾನೂ ಹೋಗಿದ್ದೆ. ಕೆಲಸ ಮುಗಿಸಿ ಒಳಗೆ ಕೂತಾಗ ಅಜ್ಜ ಎದ್ದು ಆ ಚಳೀಲಿ ಕಿಟಕಿ ತೆಗೆದ್ರು. ಕತ್ತಲೇಲಿ ಡೂನಾಸ್ ಅಬ್ಬಿ ಮೊರೀತಾ ಇತ್ತು. ನಮ್ಮಪ್ಪ ದಿನಾ ಇದನ್ನ ಕೇಳ್ಕೊಂಡೇ ಮಲಗ್ತಿದ್ರು ಅಂದ್ರು, ನಾನು ಕಂಬಳಿ ಹೊದ್ಕೊಂಡು ಅವರ ಪಕ್ಕ ಕೂತು ಕೇಳಿದೆ.