ಬಚ್ಚಲು ತೊಳೆಯುವ ಮುನ್ನ

ಕೇಳುಗರಿಗೆ ನಮಸ್ಕಾರ. ವಿಜಯಪುರ, ಬಾಗಲಕೋಟೆ ಕಡೆ ಬೋರ್ ನೀರು ಎಷ್ಟು ಸವಳು ಅಂತ ನಾನು ನಿಮಗೆ ಹೇಳಬೇಕಾಗಿಲ್ಲ. ನಲ್ಲಿ, ಬಕೆಟ್ಟು, ಬಚ್ಚಲ ಟೈಲ್ಸ್, ಎಲ್ಲದರ ಮೇಲೂ ಬಿಳಿ ಪದರ ಕಟ್ಟುತ್ತದೆ. ಅದು ಸುಣ್ಣದ ಜಾತಿಯದು. ಎಷ್ಟು ತಿಕ್ಕಿದರೂ ಜಗ್ಗುವುದಿಲ್ಲ. ಆಸಿಡ್ ಸುರಿದರೆ ಬುಸುಬುಸು ನೊರೆ ಬಂದು ಕರಗುತ್ತದೆ. ಅದಕ್ಕೇ ಹಬ್ಬ ಬಂತೆಂದರೆ ಮನೆಗೊಂದು ಆಸಿಡ್ ಬಾಟಲಿ ಬರುತ್ತದೆ.

ಆಸಿಡ್ ಒಂದೇ ಆದರೆ ಕೈ ಸುಡುತ್ತದೆ, ಘಾಟಿಗೆ ಕೆಮ್ಮು ಬರುತ್ತದೆ. ದೊಡ್ಡ ಅಪಾಯ ಆಮೇಲಿನದು. ಇನ್ನೂ ಬೆಳ್ಳಗಾಗಲಿ ಎಂದು ಅದರ ಮೇಲೇ ಬ್ಲೀಚಿಂಗ್ ಪೌಡರ್ ಉದುರಿಸುತ್ತೇವಲ್ಲ, ಆಗ. ಎರಡೂ ಕೂಡಿದರೆ ಕ್ಲೋರಿನ್ ಅನಿಲ ಏಳುತ್ತದೆ. 1915ರಲ್ಲಿ ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ ಸೇನೆ ಶತ್ರುಗಳ ಮೇಲೆ ಬಿಟ್ಟದ್ದು ಇದೇ ಅನಿಲವನ್ನು. ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ಹಾಗಾಗಿ ನೆಲ ಬಿಟ್ಟು ಬೇಗ ಏಳುವುದಿಲ್ಲ. ಕೂತು ತಿಕ್ಕುವವರ ಮುಖ ಇರುವುದೂ ಅಲ್ಲೇ, ಅಲ್ವಾ? ಮೇಲಾಗಿ ನಮ್ಮ ಬಚ್ಚಲಿಗೆ ಇರುವುದು ಅಂಗೈ ಅಗಲದ ಕಿಟಕಿ.

ನಾವು ಆಸಿಡ್ ತರುವುದೇ ಇಲ್ಲ, ಕಂಪನಿಯ ಟಾಯ್ಲೆಟ್ ಕ್ಲೀನರ್ ತರುತ್ತೇವೆ ಎನ್ನುವವರೂ ಹಿಂದಿನ ಚೀಟಿ ಓದಿ. ಬಹಳಷ್ಟರಲ್ಲಿ ಇರುವುದು ಅದೇ ಹೈಡ್ರೋಕ್ಲೋರಿಕ್ ಆಸಿಡ್, ತೆಳುವಾಗಿ.

ಹೊಗೆಯಂಥ ಘಾಟು ಎದ್ದರೆ ನೀರು ಸುರಿಯುತ್ತಾ ನಿಲ್ಲಬೇಡಿ. ಬಾಗಿಲು ತೆರೆದಿಟ್ಟು ಹೊರಗೆ ಬನ್ನಿ. ಉಸಿರು ಹಿಡಿದಂತಾದರೆ ಆಸ್ಪತ್ರೆಗೆ ಹೋಗಿ. ಈಗ ಆರಾಮ ಇದ್ದೇನೆ ಎಂದು ಸುಮ್ನೆ ಮಲಗಬೇಡಿ, ಕೆಲವರಿಗೆ ತಾಸುಗಳ ನಂತರ ಎದೆ ಕಟ್ಟುತ್ತದೆ.

ಶಹಾಬಾದ್ ಪರಸಿ ಹಾಸಿದ ಮನೆಗಳಿಗೆ ಒಂದು ಮಾತು. ಆ ಕಲ್ಲೇ ಸುಣ್ಣದ ಕಲ್ಲು. ಆಸಿಡ್ ಹಾಕಿದರೆ ಕೊಳೆಯ ಜೊತೆ ಕಲ್ಲೂ ಕರಗುತ್ತದೆ. ಟೈಲ್ಸಿಗೆ, ನಲ್ಲಿಗೆ ಲಿಂಬೆ ರಸ ಹಚ್ಚಿ ಅರ್ಧ ತಾಸು ಬಿಡಿ, ನಿಧಾನಕ್ಕೆ ಪದರ ಬಿಡುತ್ತದೆ. ಇಂಡಿ ತಾಲ್ಲೂಕಿನ ಲಿಂಬೆ ಇರುವ ಜಿಲ್ಲೆಯಲ್ಲಿ ಇದನ್ನು ನಾನು ಹೇಳಬೇಕೆ! ಆದರೆ ಲಿಂಬೆಯೂ ಹುಳಿಯೇ, ಅದಕ್ಕೂ ಬ್ಲೀಚಿಂಗ್ ಪೌಡರ್ ಕೂಡಿಸಬೇಡಿ.

ಇನ್ನು ಆ ಬಾಟಲಿ. ಎಷ್ಟೋ ಮನೆಗಳಲ್ಲಿ ಆಸಿಡ್, ಸೀಮೆಎಣ್ಣೆ ಎರಡೂ ಹಳೆಯ ನೀರಿನ ಬಾಟಲಿಯಲ್ಲೇ ಇರುತ್ತವೆ. ಬಾಯಾರಿದ ಮಗುವಿಗೆ ಅದು ನೀರೇ. ಕುಡಿದುಬಿಟ್ಟರೆ ವಾಂತಿ ಮಾಡಿಸಬೇಡಿ. ಆಸಿಡ್ ಮೇಲೆ ಬರುವಾಗ ಗಂಟಲನ್ನು ಇನ್ನೊಮ್ಮೆ ಸುಡುತ್ತದೆ, ಸೀಮೆಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಮಗುವಿನ ಜೊತೆ ಆ ಬಾಟಲಿಯನ್ನೂ ಆಸ್ಪತ್ರೆಗೆ ಒಯ್ಯಿರಿ. ಒಳಗೆ ಏನಿತ್ತು ಎಂಬುದೇ ವೈದ್ಯರು ಕೇಳುವ ಮೊದಲ ಪ್ರಶ್ನೆ.