ಅಜ್ಜನ ರಿವಾಲ್ವರ್, ಒಂದು ಡ್ಯಾಶ್, 22 ಡಾಲರ್

ನಮಸ್ಕಾರ, ಬನ್ನಿ. ಇವತ್ತು ಕ್ಯಾಮೆರಾ ಅಜ್ಜನ ಊಟದ ಮೇಜಿನ ಮೇಲಿದೆ. ಅಜ್ಜ ಅಂದರೆ ನಮ್ಮ ಪಕ್ಕದ ಮನೆಯವರು, ನಿವೃತ್ತ ಪೊಲೀಸ್. ಮುಖ ತೋರಿಸಬೇಡಮ್ಮ ಅಂದಿದ್ದಾರೆ, ಹಾಗಾಗಿ ಕೈ ಮಾತ್ರ ಕಾಣುತ್ತದೆ. ನಾವಿರುವುದು ಮ್ಯಾಸಚೂಸೆಟ್ಸ್‌ನಲ್ಲಿ. ಸ್ಪ್ರಿಂಗ್‌ಫೀಲ್ಡ್ ಇಲ್ಲಿಂದ 20 ನಿಮಿಷ. ಸ್ಮಿತ್ ಅಂಡ್ ವೆಸನ್ ರಿವಾಲ್ವರ್‌ಗಳ ಊರು ಅದು. ಕಂಪನಿಯ ಮುಖ್ಯ ಕಚೇರಿ 2023ರಲ್ಲಿ ಟೆನೆಸ್ಸಿಯ ಮೇರಿವಿಲ್‌ಗೆ ಹೋಯಿತು. ಆ ವಿಷಯ ತೆಗೆದರೆ ಅಜ್ಜ ಈಗಲೂ ಮಾತು ನಿಲ್ಲಿಸಿಬಿಡುತ್ತಾರೆ.

ಮೇಜಿನ ಮೇಲೆ ಮೂರು ರಿವಾಲ್ವರ್ ಇವೆ. ಮೂರೂ ಖಾಲಿ. ಅಜ್ಜ ನೋಡಿದರು, ನಾನು ನೋಡಿದೆ, ಮತ್ತೆ ಅಜ್ಜ ನೋಡಿದರು.

ಈಗ ಸಿಲಿಂಡರ್, ಅಂದರೆ ತೋಟಾ ತುಂಬುವ ತಿರುಗುವ ಉರುಳೆ, ಪಕ್ಕಕ್ಕೆ ಬಂತು, ಕಾಣಿಸ್ತಾ? ಸಿಲಿಂಡರನ್ನು ಹೊತ್ತಿರುವ ಈ ತೋಳಿಗೆ ಯೋಕ್ ಅಂತಾರೆ. ನಮ್ಮ ನೊಗ. ನೊಗ ಮುಚ್ಚಿಕೊಂಡಿದ್ದ ಜಾಗದಲ್ಲಿ, ಫ್ರೇಮ್ ಮೇಲೆ, ಅಂದರೆ ರಿವಾಲ್ವರ್ ಒಡಲಿನ ಮೇಲೆ, ಸಣ್ಣ ಅಕ್ಷರ ಕೊರೆದಿದೆ. ಟಾರ್ಚ್ ಹಿಡಿಯುತ್ತೇನೆ. ಮಾಡೆಲ್ 10. ಅಷ್ಟೇ. ಅದರ ಮುಂದೆ ಡ್ಯಾಶ್ ಇಲ್ಲ, ಇನ್ನೊಂದು ಅಂಕಿ ಇಲ್ಲ. ಇವತ್ತಿನ ಕಥೆಯೆಲ್ಲ ಆ ಖಾಲಿ ಜಾಗದ್ದೇ.

ಮೊದಲು ಈ ಕಂಪನಿ ತನ್ನ ರಿವಾಲ್ವರ್‌ಗಳಿಗೆ ಹೆಸರು ಇಡುತ್ತಿತ್ತು. ಇದು ಮಿಲಿಟರಿ ಅಂಡ್ ಪೊಲೀಸ್, 1899ರಿಂದ ಬಂದ ವಂಶ. ಚೀಫ್ಸ್ ಸ್ಪೆಷಲ್, ಹೈವೇ ಪೆಟ್ರೋಲ್‌ಮನ್, ಕಾಂಬ್ಯಾಟ್ ಮ್ಯಾಗ್ನಮ್, ಹೀಗೆ. 1957ರಲ್ಲಿ ಹೆಸರಿನ ಬದಲು ನಂಬರ್ ಬಂತು. ಮಿಲಿಟರಿ ಅಂಡ್ ಪೊಲೀಸ್ 10 ಆಯಿತು, ಕಾಂಬ್ಯಾಟ್ ಮ್ಯಾಗ್ನಮ್ 19 ಆಯಿತು, ಚೀಫ್ಸ್ ಸ್ಪೆಷಲ್ 36 ಆಯಿತು. ನನಗೆ ಹೆಸರುಗಳೇ ಇಷ್ಟ. ಹೆಸರಿಟ್ಟು ಕರೆಯುವುದಕ್ಕೂ ನಂಬರ್ ಹೇಳಿ ಕರೆಯುವುದಕ್ಕೂ ಎಷ್ಟು ವ್ಯತ್ಯಾಸ ಅಲ್ವಾ. ಆದರೆ ಹೆಸರಿನ ಬಾಲಕ್ಕೆ ಡ್ಯಾಶ್ ಹಾಕಲು ಆಗುತ್ತಿರಲಿಲ್ಲ. ನಂಬರ್ ಬಂದ ಮೇಲೆ, ಒಳಗೆ ಏನಾದರೂ ಬದಲಾದಾಗ ಡ್ಯಾಶ್ 1, ಡ್ಯಾಶ್ 2 ಅಂತ ಸೇರಿಸುತ್ತಾ ಹೋದರು.

ಅಜ್ಜನ ಅಪ್ಪ ಇದನ್ನು 1958ರಲ್ಲಿ ಕೊಂಡರಂತೆ. ಇದರ ಎಜೆಕ್ಟರ್ ರಾಡ್ ಸ್ವಲ್ಪ ಬಾಗಿದೆ. ಖಾಲಿ ತೋಟಾಗಳನ್ನು ಹೊರಗೆ ತಳ್ಳುವ ಕಡ್ಡಿ ಇದೇ. ಸಿಲಿಂಡರ್ ತಿರುಗಿಸುತ್ತೇನೆ, ಕಡ್ಡಿಯ ತುದಿ ನೋಡಿ. ಅಲ್ಲಾಡುತ್ತಾ ಸುತ್ತುತ್ತಿದೆ. ಅಜ್ಜನ ಹುಟ್ಟುಹಬ್ಬ ಬರುತ್ತಿತ್ತು, ಹೊಸ ಕಡ್ಡಿ ನಾನೇ ತರಿಸಿ ಕೊಡೋಣ ಅಂದುಕೊಂಡೆ. ಆನ್‌ಲೈನ್‌ನಲ್ಲಿ ಹುಡುಕಿದೆ. 'ಮಾಡೆಲ್ 10ಕ್ಕೆ ಹೊಂದುತ್ತದೆ' ಅಂತ ಬರೆದಿತ್ತು. 34 ಡಾಲರ್, ಕಳಿಸುವ ಖರ್ಚು 9. ತರಿಸಿದೆ.

ಇದೇ ಆ ಪೊಟ್ಟಣ. ಈಗ ಅಜ್ಜ ಕಡ್ಡಿಯನ್ನು ಹಾಕುತ್ತಿದ್ದಾರೆ. ಇದು ಭಾನುವಾರದ ದೃಶ್ಯ, ಬೆಳಕು ಬೇರೆ ಇದೆ ನೋಡಿ. ಬಲಕ್ಕೆ ತಿರುಗಿಸಿದರು, ಹಿಡಿಯಲಿಲ್ಲ. ಎಣ್ಣೆ ಹಾಕಿದರು, ಹಿಡಿಯಲಿಲ್ಲ. ಜೋರಾಗಿ ಒತ್ತಿ ತಿರುಗಿಸೋಣವಾ ಅಂತ ನಾನು ಕೇಳಿದೆ. ಅಜ್ಜ ಕಡ್ಡಿಯನ್ನು ಮೇಜಿನ ಮೇಲಿಟ್ಟು ಕನ್ನಡಕ ತಂದರು. ಥ್ರೆಡ್, ಅಂದರೆ ಸ್ಕ್ರೂಗೆ ಇರುವಂಥ ಸುರುಳಿ ಗೀರು, ನೋಡಿದರು. ಆಮೇಲೆ ಫ್ರೇಮ್ ಮೇಲಿನ ನಂಬರ್ ನೋಡಿದರು. ಬಂದಿದ್ದ ಕಡ್ಡಿ ಎಡಕ್ಕೆ ತಿರುಗಿಸಿದರೆ ಬಿಗಿಯಾಗುವ ಎಡ ಥ್ರೆಡ್‌ನದು, ಅವರ ರಿವಾಲ್ವರ್ ಬಲ ಥ್ರೆಡ್‌ನದು.

ಇದು ಯಾಕೆ ಹೀಗೆ ಅಂತ ನಿಧಾನವಾಗಿ ಹೇಳುತ್ತೇನೆ. ನನಗೆ ತುಂಬಾ ಹಿಡಿಸಿದ ವಿಷಯ ಇದು. ಸೈಕಲ್ ಪೆಡಲ್ ಬಿಚ್ಚಿದವರಿಗೆ ಗೊತ್ತಿರುತ್ತದೆ, ಎಡಗಡೆ ಪೆಡಲ್‌ಗೆ ಥ್ರೆಡ್ ಉಲ್ಟಾ ಇರುತ್ತದೆ. ಇಲ್ಲದಿದ್ದರೆ ತುಳಿಯುತ್ತಾ ತುಳಿಯುತ್ತಾ ಸಡಿಲವಾಗುತ್ತದೆ. ಇಲ್ಲೂ ಹಾಗೇ. ಸ್ಮಿತ್ ಅಂಡ್ ವೆಸನ್ ಸಿಲಿಂಡರ್ ಹಿಂದಿನಿಂದ ನೋಡಿದರೆ ಗಡಿಯಾರಕ್ಕೆ ಎದುರು ದಿಕ್ಕಿನಲ್ಲಿ ತಿರುಗುತ್ತದೆ. ಕೋಲ್ಟ್‌ನದು ಗಡಿಯಾರದ ದಿಕ್ಕು. ಕಡ್ಡಿಯ ಮುಂದಿನ ತುದಿಯನ್ನು ನಳಿಗೆಯ ಕೆಳಗೆ ಒಂದು ಸಣ್ಣ ಲಾಕ್ ಹಿಡಿದಿರುತ್ತದೆ. ಸಿಲಿಂಡರ್ ತಿರುಗುವಾಗ ಆ ತುದಿ ಉಜ್ಜುತ್ತದೆ. ಬಲ ಥ್ರೆಡ್ ಇದ್ದರೆ, ಆ ಉಜ್ಜಾಟವೇ ಕಡ್ಡಿಯನ್ನು ಕೂದಲೆಳೆಯಷ್ಟು ಬಿಚ್ಚುತ್ತಾ ಬರುತ್ತದೆ. ಬಿಚ್ಚಿದಷ್ಟೂ ಕಡ್ಡಿ ಮುಂದಕ್ಕೆ ಬರುತ್ತದೆ. ಒಂದು ಹಂತದಲ್ಲಿ ಲಾಕ್‌ಗೆ ಒತ್ತಿಕೊಂಡು ಸಿಲಿಂಡರ್ ತೆರೆಯುವುದೇ ಇಲ್ಲ. ಪೊಲೀಸರ ಸೊಂಟದಲ್ಲಿ ಇರುವ ಸಾಮಾನಿನಲ್ಲಿ ಹೀಗಾದರೆ ಏನು ಗತಿ?

ಹಾಗಾಗಿ ಥ್ರೆಡ್ಡನ್ನೇ ಉಲ್ಟಾ ಮಾಡಿದರು. ಈಗ ತಿರುಗಿದಷ್ಟೂ ಬಿಗಿಯಾಗುತ್ತದೆ. ಮಾಡೆಲ್ 19ರಲ್ಲಿ ಈ ಬದಲಾವಣೆ 1959ರಲ್ಲಿ ಬಂತು, ಅದು 19 ಡ್ಯಾಶ್ 1. ಮಾಡೆಲ್ 10ರಲ್ಲಿ 1961ರಲ್ಲಿ ಬಂತು, ಅದು 10 ಡ್ಯಾಶ್ 2. ಅಜ್ಜನದು ಡ್ಯಾಶ್ ಇಲ್ಲದ್ದು. ನಾನು ತರಿಸಿದ್ದು ಡ್ಯಾಶ್ 2ರ ನಂತರದವುಗಳ ಕಡ್ಡಿ.

ಮಾರಿದವರಿಗೆ ಬರೆದೆ. ವಾಪಸ್ ತೆಗೆದುಕೊಳ್ಳುತ್ತೇವೆ, ಆದರೆ ಶೇ. 15 ಕಡಿತ ಅಂದರು. 34ರಲ್ಲಿ 5 ಡಾಲರ್ 10 ಸೆಂಟ್ ಹೋಯಿತು. ಬರುವಾಗಿನ 9 ಕೊಡುವುದಿಲ್ಲ. ವಾಪಸ್ ಕಳಿಸಲು ನನ್ನ ಕೈಯಿಂದ 8. ಒಟ್ಟು 22 ಡಾಲರ್ 10 ಸೆಂಟ್. ಯಾವ ಡ್ಯಾಶ್‌ಗೆ ಅಂತ ಒಂದು ಅಂಕಿ ಬರೆದಿದ್ದರೆ ಈ ದುಡ್ಡು ಉಳಿಯುತ್ತಿತ್ತು. ನನಗೆ ನಿಜವಾಗಲೂ ಸಿಟ್ಟು ಬಂದಿದೆ. ಬಿಡಿಭಾಗ ಮಾರುವವರಿಗೆ ಡ್ಯಾಶ್ ಗೊತ್ತಿರಲೇಬೇಕು. ಕಾರಿನ ಭಾಗ ಮಾರುವವರು ಯಾವ ವರ್ಷದ ಕಾರು ಅಂತ ಕೇಳದೆ ಮಾರುತ್ತಾರಾ? ನಾನು ಕೇಳಬೇಕಿತ್ತು ಅನ್ನುತ್ತೀರಾ? ಕೇಳಬೇಕಿತ್ತು ಅಂತ ಗೊತ್ತಾಗಿದ್ದೇ ಇದಾದ ಮೇಲೆ.

ಅಜ್ಜ ಕಾಫಿ ತಂದರು. ನಾನು ಕೊಟ್ಟ ಪುಡಿಯೇ, ಮಡಿಕೇರಿ ಹತ್ತಿರದ ನಮ್ಮ ತೋಟದ್ದು. ನಮ್ಮ ಮನೆಯಲ್ಲಿ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಮಾಡುತ್ತಿದ್ದರು. ನಳಿಗೆಯ ಬಾಯಿಗೆ ತೋಕ್ ಪೂ ಇಡುತ್ತಿದ್ದರು. ಕೆಂಪು ಹಳದಿ ಬೆಂಕಿಯ ನಾಲಿಗೆಯ ಹಾಗಿರುವ ಹೂವು, ಅದಕ್ಕೆ ಕೋವಿ ಹೂವು ಅಂತಲೇ ಹೆಸರು. ಅವತ್ತು ಕಡುಬು, ಪಂದಿ ಕರಿ. ಕೋವಿಯ ಮೇಲೆ ಕೊರೆದ ನಂಬರ್ ಮೇಲೆ ನಾನು ಬೆರಳಾಡಿಸುತ್ತಿದ್ದೆ, ಅಪ್ಪ ಕೈ ತೆಗಿ ಅನ್ನುತ್ತಿದ್ದರು. ಆ ನಂಬರ್ ಏನು ಹೇಳುತ್ತಿತ್ತೋ ಆಗ ಕೇಳಲಿಲ್ಲ. ಸರಿ, ದೃಶ್ಯ ಮುಗಿಯುತ್ತಿದೆ, ಡ್ಯಾಶ್ ಜೊತೆ ಬದಲಾದ ಇನ್ನೊಂದು, ಒಂದು ಸ್ಕ್ರೂ, ತೋರಿಸಿಬಿಡುತ್ತೇನೆ.

ಟ್ರಿಗರ್ ಸುತ್ತ ಇರುವ ಬಳೆ, ಟ್ರಿಗರ್ ಗಾರ್ಡ್, ಅದರ ಮುಂದೆ ಈ ಸಣ್ಣ ಸ್ಕ್ರೂ. ಅಜ್ಜನ 10ರಲ್ಲಿ ಇದೆ. ಪಕ್ಕದಲ್ಲಿರುವುದು ಮಾಡೆಲ್ 19, ಡ್ಯಾಶ್ 3. ಅದರಲ್ಲಿ ಆ ಜಾಗ ನುಣುಪಾಗಿದೆ. 10 ಡ್ಯಾಶ್ 4ರಲ್ಲಿ, 1962ರಲ್ಲಿ, ಆ ಸ್ಕ್ರೂ ತೆಗೆದರು. 19ರಲ್ಲಿ ಡ್ಯಾಶ್ 2ಕ್ಕೇ, 1961ರಲ್ಲೇ ಹೋಗಿತ್ತು.

ಇಲ್ಲೊಂದು ಗೊಂದಲ ಇದೆ. 10 ಡ್ಯಾಶ್ 1 ಅಂದರೆ 1959ರಲ್ಲಿ ಬಂದ ದಪ್ಪ ನಳಿಗೆಯದು. ಅಲ್ಲಿಂದ ತೆಳು ನಳಿಗೆಗೆ ಒಂದು ಡ್ಯಾಶ್, ದಪ್ಪ ನಳಿಗೆಗೆ ಇನ್ನೊಂದು ಡ್ಯಾಶ್. ಹಾಗಾಗಿ ಡ್ಯಾಶ್ 2 ಮತ್ತು ಡ್ಯಾಶ್ 3 ಎರಡೂ ಒಂದೇ ಬದಲಾವಣೆ, ಥ್ರೆಡ್ಡಿನದ್ದು. ಸ್ಕ್ರೂ ತೆಗೆದದ್ದು ತೆಳುವಿನಲ್ಲಿ ಡ್ಯಾಶ್ 4, ದಪ್ಪದಲ್ಲಿ ಡ್ಯಾಶ್ 6. ನಡುವಿನ ಡ್ಯಾಶ್ 5 ತೆಳು ನಳಿಗೆಯಲ್ಲಿ ಗುರಿ ನೋಡುವ ಸೈಟ್ ಅಗಲ ಬದಲಿಸಿದ್ದಕ್ಕೆ. ಅಂದರೆ ಡ್ಯಾಶ್ 6 ಇದ್ದ ಮಾತ್ರಕ್ಕೆ ಡ್ಯಾಶ್ 5ಕ್ಕಿಂತ ಹೊಸದು ಅನ್ನುವಂತಿಲ್ಲ. ಇದು ಕೆಟ್ಟ ಪದ್ಧತಿ ಅಂತ ಬೆಳಿಗ್ಗೆ ಅಜ್ಜನ ಹತ್ತಿರ ವಾದ ಮಾಡಿದೆ. ಈಗ ಹಾಗನ್ನಿಸುತ್ತಿಲ್ಲ. ನಳಿಗೆಯೇ ಬೇರೆ ಇದ್ದಾಗ ಬಿಡಿಭಾಗ ಹುಡುಕುವವರಿಗೆ ಬೇರೆ ನಂಬರ್ ಇರುವುದೇ ಒಳ್ಳೆಯದು. 34 ಡಾಲರ್ ಕಳಿಸಿ ತಪ್ಪು ಸಾಮಾನು ತರಿಸಿಕೊಂಡ ಮೇಲೆ ಬುದ್ಧಿ ಆ ಕಡೆಗೇ ವಾಲುತ್ತದೆ.

19 ನೋಡೋಣ. ಇದು ನನಗೆ ಮೂರರಲ್ಲಿ ಚೆಂದದ್ದು. ಅಮೆರಿಕದ ಗಡಿ ಕಾವಲು ಪಡೆ ಬಾರ್ಡರ್ ಪೆಟ್ರೋಲ್‌ನ ಬಿಲ್ ಜೋರ್ಡನ್ ಬೇಕು ಅಂತ ಹಠ ಹಿಡಿದಿದ್ದಕ್ಕೆ 1955ರಲ್ಲಿ ಬಂದದ್ದು. ಕೆ ಅನ್ನುವ ಅಳತೆಯ, ಕಡಿಮೆ ತೂಕದ ಫ್ರೇಮ್‌ನಲ್ಲಿ .357 ಮ್ಯಾಗ್ನಮ್ ಅನ್ನುವ ಜೋರಿನ ತೋಟಾ. ಇಲ್ಲಿ ಫ್ರೇಮ್‌ಗೆ ಅಡ್ಡಲಾಗಿ ಒಂದು ಸಣ್ಣ ಪಿನ್ ಇದೆ, ನಳಿಗೆಯನ್ನು ಹಿಡಿದಿಡಲು. ಸಿಲಿಂಡರ್ ಹಿಂಭಾಗ ನೋಡಿ, ತೋಟಾದ ಅಂಚು ಒಳಗೆ ಕೂರುವಂತೆ ಗುಂಡಿ ಕೊರೆದಿದ್ದಾರೆ. 1982ರಲ್ಲಿ 19 ಡ್ಯಾಶ್ 5 ಬಂದಾಗ ಎರಡೂ ಹೋದವು. ಹಳೆಯದನ್ನು ಕೂಡಿಡುವವರು ಪಿನ್ ಇದೆಯಾ ಅಂತ ಮೊದಲು ಕೇಳುತ್ತಾರೆ. ದುಡ್ಡು ಉಳಿಸಲು ತೆಗೆದರು ಅಂತ ನಾನೂ ಹೇಳುತ್ತಿದ್ದೆ. ದುಡ್ಡು ಉಳಿದಿದ್ದು ನಿಜ. ಆದರೆ ನಳಿಗೆಯ ಥ್ರೆಡ್ ಬಿಗಿಯಾಗಿ ಕೂತ ಮೇಲೆ ಪಿನ್‌ಗೆ ಕೆಲಸ ಇಲ್ಲ. ತೋಟಾಗಳ ಬೆನ್ನು ಗಟ್ಟಿಯಾದ ಮೇಲೆ ಗುಂಡಿಗೂ ಕೆಲಸ ಇಲ್ಲ. ಆದರೂ ಈ ಪಿನ್ ನೋಡಲು ಎಷ್ಟು ಅಚ್ಚುಕಟ್ಟಾಗಿದೆ ಅಲ್ವಾ. ಹತ್ತಿರ ತರುತ್ತೇನೆ. ಫೋಕಸ್ ಬರಲಿ.

ಆ ಚಿಕ್ಕ ಫ್ರೇಮ್‌ಗೆ ಒಂದು ನೋವಿತ್ತು. ಯೋಕ್‌ಗೆ ಜಾಗ ಮಾಡಲು ನಳಿಗೆಯ ಹಿಂದಿನ ತುದಿಯನ್ನು ಕೆಳಭಾಗದಲ್ಲಿ ಸ್ವಲ್ಪ ಚಪ್ಪಟೆ ಮಾಡಿದ್ದಾರೆ. ಅಲ್ಲಿ ಲೋಹ ತೆಳು. ಹಗುರವಾದ, ವೇಗದ 125 ಗ್ರೇನ್ (ಗುಂಡಿನ ತೂಕದ ಅಳತೆ) ಮ್ಯಾಗ್ನಮ್ ಗುಂಡುಗಳನ್ನು ಜಾಸ್ತಿ ಹೊಡೆದರೆ ಅಲ್ಲೇ ಬಿರುಕು ಬಿಡುತ್ತಿತ್ತು. ಅದಕ್ಕೆ ಡ್ಯಾಶ್ ಸಾಕಾಗಲಿಲ್ಲ, ಹೊಸ ಫ್ರೇಮೇ ಬೇಕಾಯಿತು. 1980ರ ದಶಕದ ಆರಂಭದಲ್ಲಿ ಎಲ್ ಫ್ರೇಮ್ ಬಂತು. ಕಪ್ಪು ಉಕ್ಕಿನದು 586, ಸ್ಟೇನ್‌ಲೆಸ್‌ದು 686.

ಮೂರನೆಯದು ಆ 686. ಮುಂದಿನ 6 ಅಂದರೆ ಸ್ಟೇನ್‌ಲೆಸ್ ಸ್ಟೀಲ್. ಮಾಡೆಲ್ 29 ಸ್ಟೇನ್‌ಲೆಸ್ ಆದಾಗ 629 ಆಯಿತು. ಸ್ಟೇನ್‌ಲೆಸ್ ಸ್ಟೀಲಿನ ಮೊದಲ ರಿವಾಲ್ವರ್ 1965ರ ಮಾಡೆಲ್ 60. ನಮ್ಮ ಕೊಡಗಿನ ಮಳೆಗೆ ಸರಿಯಾದ ಲೋಹ. ಅಲ್ಲಿ ಜೂನ್‌ನಿಂದ ಎಣ್ಣೆ ಹಚ್ಚದಿದ್ದರೆ ಕತ್ತಿಯೂ ತುಕ್ಕು ಹಿಡಿಯುತ್ತದೆ.

ಇಲ್ಲಿ ನಂಬರ್ ಪಕ್ಕ ಡ್ಯಾಶ್ ಇಲ್ಲ, ಎಂ ಅಂತ ಒಂದು ಅಕ್ಷರ ಇದೆ. 1987ರಲ್ಲಿ ಒಂದು ದೋಷ ಹೊರಬಂತು. ಕೆಲವು ತೋಟಾಗಳಲ್ಲಿ ಪ್ರೈಮರ್‌ನ, ಅಂದರೆ ತೋಟಾದ ಹಿಂದೆ ಕಿಡಿ ಹತ್ತಿಸುವ ಪುಟ್ಟ ಬಟ್ಟಲಿನ, ಲೋಹ ಹ್ಯಾಮರ್‌ನ (ಕೋವಿಯ ಕುದುರೆಯ) ಮೊನೆ ಬರುವ ತೂತಿನೊಳಗೆ ಹರಿದು ಸಿಲಿಂಡರ್ ಕಚ್ಚಿಕೊಳ್ಳುತ್ತಿತ್ತು. ಡ್ಯಾಶ್ ಇಲ್ಲದವನ್ನೂ ಡ್ಯಾಶ್ 1ನ್ನೂ ವಾಪಸ್ ಕರೆಸಿ, ಭಾಗ ಬದಲಿಸಿ, ಎಂ ಒತ್ತಿ ಕಳಿಸಿದರು. ಡ್ಯಾಶ್ 2ರಿಂದ ಆ ಸರಿಪಡಿಸಿದ ಭಾಗ ಕಾರ್ಖಾನೆಯಲ್ಲೇ ಬಂತು. ಹಳೆಯ 686 ಕೊಳ್ಳುವವರು ಈ ಎಂ ನೋಡಬೇಕು. ಇಲ್ಲದಿದ್ದರೆ ಆ ರಿಪೇರಿ ಆಗಿದೆಯಾ ಅಂತ ಕೇಳಬೇಕು.

686 ಡ್ಯಾಶ್ 6 ಅಂದರೆ ಬದಿಯಲ್ಲಿ ಕೀಲಿಯ ತೂತು ಇರುವುದು. 2001ರಲ್ಲಿ ಕಂಪನಿಯನ್ನು ಕೊಂಡವರು ಸೇಫ್-ಟಿ-ಹ್ಯಾಮರ್, ಅವರ ಕೆಲಸವೇ ಬೀಗದ್ದು. ಅಜ್ಜನಿಗೆ ಆ ತೂತು ಕಂಡರೆ ಆಗುವುದಿಲ್ಲ. ನನಗೂ ಕಣ್ಣಿಗೆ ಚುಚ್ಚುತ್ತದೆ. ಆದರೆ ನಮ್ಮ ಮನೆಯಲ್ಲಿ 4 ವರ್ಷದ ಮಗಳಿದ್ದಾಳೆ. ನಾನೇ ಒಂದು ಇಟ್ಟುಕೊಳ್ಳುವುದಾದರೆ ತೂತು ಇರುವುದನ್ನೇ ತರುತ್ತೇನೆ. ತಂದಮೇಲೂ ಪೆಟ್ಟಿಗೆಗೆ ಬೇರೆ ಬೀಗ ಹಾಕುತ್ತೇನೆ.

ನಾಲ್ಕೂವರೆ ಆಯಿತು. ಪೋಸ್ಟ್ ಆಫೀಸ್ 5ಕ್ಕೆ ಮುಚ್ಚುತ್ತದೆ, ಕಡ್ಡಿ ಇವತ್ತೇ ಹೋಗಬೇಕು. ನಾಳೆ ಆದರೆ ವಾಪಸ್ ಗಡುವು ಮುಗಿಯುತ್ತದೆ. ಬಲ ಥ್ರೆಡ್‌ನ ಹಳೆಯ ಕಡ್ಡಿ ಇನ್ನೂ ಸಿಕ್ಕಿಲ್ಲ. ಈ ಕಡೆ ಇರುವವರು ಯಾರಾದರೂ, ನಿಮ್ಮ ಮನೆ ಗ್ಯಾರೇಜಿನ ಡಬ್ಬಿಯಲ್ಲಿ 1961ಕ್ಕಿಂತ ಹಿಂದಿನದು ಇದ್ದರೆ ಬರೆಯಿರಿ. ಮೊದಲು ಥ್ರೆಡ್‌ನ ಫೋಟೋ ಕಳಿಸಿ, ಆಮೇಲೆ ಬೆಲೆ. ಅಜ್ಜ ಮೇಜಿನ ಬಟ್ಟೆ ಮಡಚುತ್ತಿದ್ದಾರೆ. ಕಾರ್ ಕೀ ಎಲ್ಲಿಟ್ಟೆ? ಹಾ, ಇಲ್ಲೇ ಇದೆ. ಬರುತ್ತೇನೆ ಅಜ್ಜ.