ಕೈಗಿಂತ ಮೊದಲು ಕಣ್ಣು

ಎಲ್ಲರಿಗೂ ನಮಸ್ಕಾರ. ವಸಂತನರಸಾಪುರದ ಕೈಗಾರಿಕಾ ಪ್ರದೇಶದಿಂದ ಶಿಫ್ಟ್ ಮುಗಿಸಿ ನೇರ ಇಲ್ಲಿಗೆ ಬಂದವರಿದ್ದೀರಿ. ಐಟಿಐ ಬೋಧಕರೂ ಇದ್ದೀರಿ. ಹಾಗಾಗಿ ಪೀಠಿಕೆ ಬೇಡ. ಕಣ್ಣಿಗೆ ಕಟ್ಟಿಕೊಂಡು ತೋರಿಕೆಯ ಯಂತ್ರದ ಮೇಲೆ ಕಲಿಯುವ ವಿಆರ್ ಹೆಡ್‌ಸೆಟ್ ತರಬೇತಿ ಬಗ್ಗೆ ನನ್ನ ತಕರಾರು ಒಂದೇ. ನಿನ್ನೆ ಸೇರಿದ ಹುಡುಗನಿಗೂ ಹತ್ತು ವರ್ಷ ಲೇತ್, ಅಂದರೆ ಲೋಹ ತಿರುಗಿಸಿ ಕಡೆಯುವ ಯಂತ್ರ, ಓಡಿಸಿದವರಿಗೂ ಅದು ಒಂದೇ ಪಾಠ ಹೇಳುತ್ತದೆ. ಕೈ ಏನು ಮಾಡಿತು ಅಂತ ಅಂಕ ಹಾಕುತ್ತದೆ. ಕಣ್ಣು ಎಲ್ಲಿತ್ತು ಅಂತ ಹೆಚ್ಚಾಗಿ ಕೇಳುವುದೇ ಇಲ್ಲ. ಅದನ್ನು ಕೇಳಲು ಐ ಟ್ರ್ಯಾಕಿಂಗ್, ಅಂದರೆ ನೋಟ ಎಲ್ಲಿದೆ ಅಂತ ಹಿಡಿಯುವ ತಂತ್ರ, ಬೇಕು ಅನ್ನುವುದು ನನ್ನ ಮಾತು.

ಲೇತ್‌ನಲ್ಲಿ ತುಂಡನ್ನು ಹಿಡಿದು ತಿರುಗುವುದು ಚಕ್, ಅದನ್ನು ಬಿಗಿ ಮಾಡುವ ಕೀಲಿ ಚಕ್ ಕೀ. ಅದನ್ನು ತೆಗೆಯದೆ ಸ್ವಿಚ್ ಹಾಕಿದರೆ ಕೀ ಸಿಡಿದು ಹಾರುತ್ತದೆ ಅಂತ ಈ ಸಭೆಗೆ ಹೇಳಬೇಕಿಲ್ಲ. ನಾನು ಕಲಿತ ಶಾಪ್‌ನಲ್ಲಿ ಒಬ್ಬ ಹಿರಿಯ ಟರ್ನರ್ ಇದ್ದರು. ಅವರು ನಮ್ಮ ಕೈ ನೋಡುತ್ತಿರಲಿಲ್ಲ. ಪಕ್ಕಕ್ಕೆ ನಿಂತು ಮುಖ ನೋಡುತ್ತಿದ್ದರು. ಕೈ ಸ್ವಿಚ್ ಕಡೆ ಹೋಗುವ ಮೊದಲು ಕಣ್ಣು ಒಮ್ಮೆ ಚಕ್ ಮೇಲೆ ಹಾದು ಬರಬೇಕು. ಬರಲಿಲ್ಲವೋ, "ನಿಲ್ಸು!" ಕೀ ತೆಗೆದು ಟ್ರೇನಲ್ಲಿ ಇಟ್ಟಿದ್ದರೂ ಬಿಡುತ್ತಿರಲಿಲ್ಲ. "ತೆಗ್ದಿದೀನಿ ಸಾರ್" ಅಂದರೆ, "ತೆಗ್ದಿದೀಯ, ನೋಡ್ಲಿಲ್ವಲ್ಲ" ಅಂತ ಮೊದಲಿಂದ ಮಾಡಿಸುತ್ತಿದ್ದರು. ನಗುತ್ತಿದ್ದೀರಿ, ನಿಮಗೂ ಅಂಥವರು ಸಿಕ್ಕಿದ್ದರು ಅನ್ನಿಸುತ್ತೆ. ಕೈ ತಪ್ಪುವ ಮೊದಲೇ ಕಣ್ಣು ತಪ್ಪಿರುತ್ತದೆ. ಅವರು ಹಿಡಿಯುತ್ತಿದ್ದದ್ದು ಅದನ್ನು. ಆದರೆ ಇಡೀ ಬ್ಯಾಚಿನ ಪಕ್ಕ ಒಬ್ಬರೇ ನಿಲ್ಲಲಾಗುವುದಿಲ್ಲ, ಅಲ್ವಾ?

ಐ ಟ್ರ್ಯಾಕಿಂಗ್ ನಮಗೆ ಬೇಕಾಗಿರುವುದು ಅಲ್ಲಿ. ಹೆಡ್‌ಸೆಟ್ ಒಳಗಿನ ಇನ್‌ಫ್ರಾರೆಡ್ ಬೆಳಕು ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾ ಮೇಲೆ ಮಿಂಚುತ್ತದೆ. ಆ ಮಿಂಚು ಎಲ್ಲಿದೆ, ಪಾಪೆ ಎಲ್ಲಿದೆ ಅಂತ ನೋಡಿ ಕ್ಯಾಮೆರಾ ನೋಟದ ದಿಕ್ಕು ಹೇಳುತ್ತದೆ. ನಮಗೆ ನಿಚ್ಚಳವಾಗಿ ಕಾಣುವುದು ನೋಟದ ನಡುವಿನ ಸುಮಾರು 2 ಡಿಗ್ರಿ ಮಾತ್ರ, ಚಾಚಿದ ಕೈಯ ಹೆಬ್ಬೆರಳಿನ ಉಗುರಿನಷ್ಟು. ಉಳಿದದ್ದಕ್ಕೆ ಕಣ್ಣು ಜಿಗಿಯಲೇಬೇಕು. ಕಣ್ಣಿಗೆ ಲೂಪ್, ಅಂದರೆ ಪುಟ್ಟ ಭೂತಗನ್ನಡಿ, ಹಾಕಿಕೊಂಡು ಎಚ್‌ಎಂಟಿ ವಾಚ್ ಜೋಡಿಸಿದವರ ಊರು ಈ ತುಮಕೂರು, ಕಣ್ಣಿನ ಕೆಲಸ ಎಂಥದ್ದು ಅಂತ ಇಲ್ಲಿನವರಿಗೆ ಗೊತ್ತು.

ಹೆಡ್‌ಸೆಟ್ ಪಾಠದಲ್ಲಿ ಹುಡುಗ ಚಕ್ ನೋಡದೆ ಸ್ವಿಚ್‌ಗೆ ಕೈ ಹಾಕಿದನೋ, ಪಾಠ ಅಲ್ಲೇ ನಿಲ್ಲಲಿ, ಚಕ್ ಹೊಳೆಯಲಿ. ತಾನಾಗಿ ನೋಡುವುದು ರೂಢಿಯಾದಂತೆ ಆ ಸುಳಿವು ಮಾಯವಾಗಲಿ. ಬಲ್ಲವರಿಗೆ ಸುಳಿವು ಜಾಸ್ತಿಯಾದರೆ ಅದೇ ಅಡ್ಡಿ. ಲೆಕ್ಕ ಕಷ್ಟವಾದಂತೆ ಪಾಪೆ ಹಿಗ್ಗುತ್ತದೆ ಅಂತ 1964ರಲ್ಲೇ ಹೆಸ್ ಮತ್ತು ಪೋಲ್ಟ್ ಎಂಬ ಸಂಶೋಧಕರು ತೋರಿಸಿದ್ದಾರೆ. ಹುಡುಗ ಒದ್ದಾಡುತ್ತಿದ್ದಾನೆ ಅಂತ ತಿಳಿಯಲು ಅದೂ ಒಂದು ದಾರಿ. ಆದರೆ ಬೆಳಕು ಕಡಿಮೆಯಾದರೂ ಪಾಪೆ ಹಿಗ್ಗುತ್ತದೆ, ಅದೊಂದನ್ನೇ ನಂಬಬೇಡಿ. ನೋಡಿದವನು ಗಮನಿಸಿದ ಅಂತಲೂ ಅಲ್ಲ. ಬೋಧಕರು ಬೇಕೇ ಬೇಕು.

ಸಮಯ ಆಯಿತು ಅಂತ ಚೀಟಿ ಬಂದಿದೆ. ಕನ್ನಡಕದವರ ತೊಂದರೆ, ಪ್ರತಿಯೊಬ್ಬರ ಕಣ್ಣಿಗೂ ಹೆಡ್‌ಸೆಟ್ ಹೊಂದಿಸುವ ಕ್ಯಾಲಿಬ್ರೇಷನ್, ಇವನ್ನು ಬಿಡುತ್ತೇನೆ. ಒಂದನ್ನು ಮಾತ್ರ ಬಿಡಲಾರೆ. ನೋಟದ ದಾಖಲೆ ಸೂಪರ್‌ವೈಸರ್ ಟೇಬಲ್‌ಗೆ ಹೋಗಬಾರದು. ತಡವರಿಸಿ ಕಲಿಯಲಿಕ್ಕೇ ತರಬೇತಿ ಇರುವುದು. ಅದನ್ನೇ ಇಟ್ಟುಕೊಂಡು ಕೆಲಸ ಕಾಯಂ ಮಾಡಬೇಕೋ ಬೇಡವೋ ಅಂತ ಅಳೆದರೆ ಅನ್ಯಾಯ. ಹೆಡ್‌ಸೆಟ್ ಕೊಳ್ಳುವಾಗ ಬೆಲೆಗಿಂತ ಮೊದಲು ಕೇಳಿ: ದಾಖಲೆ ಎಷ್ಟು ದಿನ ಇರುತ್ತದೆ, ಯಾರು ನೋಡುತ್ತಾರೆ, ಯಾರು ಅಳಿಸುತ್ತಾರೆ? ಉತ್ತರವನ್ನು ಬರಹದಲ್ಲೇ ಇಸ್ಕೊಳ್ಳಿ.